ಆಮಿಶರು ಇನ್ನೆಷ್ಟು ಕಾಲ ಉಳಿದಾರು?

ಪ್ರಶ್ನೆ: ಮಗನ ಮನೆಗೆಂದು ನ್ಯೂಜೆರ್ಸಿಗೆ ಬಂದಿದ್ದೇವೆ. ಹೋದ ಶನಿವಾರ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕಡೆಗೆ ಕರೆದುಕೊಂಡು ಹೋಗಿದ್ದ. ಹಳೆಯ ಕಟ್ಟಳೆಯಂತೆ ಬದುಕುವ ಕ್ರೈಸ್ತ ಪಂಗಡದವರಾದ ಆಮಿಶರ ಕುದುರೆಗಾಡಿ, ಹಗ್ಗದ ಮೇಲೆ ಸಾಲಾಗಿ ಒಣಹಾಕಿದ ಬಟ್ಟೆ ನೋಡಿ ನನ್ನ ಬಾಲ್ಯವೇ ಕಣ್ಣಮುಂದೆ ಬಂತು. ಆದರೆ ಒಂದು ಕೊಟ್ಟಿಗೆಯ ಮೇಲೆ ಸೋಲಾರ್ ಪ್ಯಾನೆಲ್ ಇತ್ತು. ಒಬ್ಬ ಹುಡುಗ ಗಾಡಿಯಲ್ಲೇ ಕೂತು ಮೊಬೈಲ್ ನೋಡುತ್ತಿದ್ದ. ಮಗ ನಕ್ಕು, "ಇನ್ನೆರಡು ತಲೆಮಾರು ಅಷ್ಟೇ, ಆಮೇಲೆ ಇವರೆಲ್ಲ ಮ್ಯೂಸಿಯಂನಲ್ಲಿ" ಎಂದ. ನಿಜವೇ? ಕರೆಂಟು ಬೇಡ ಎನ್ನುವವರಿಗೆ ಸೋಲಾರ್ ಹೇಗೆ ನಡೆಯುತ್ತದೆ? ಇನ್ನೊಂದು, ಮೊಮ್ಮಗಳು ಫೋಟೊ ತೆಗೆಯಲು ಹೋದಾಗ ಗಾಡಿಯಲ್ಲಿದ್ದ ಹೆಂಗಸು ಮುಖ ತಿರುಗಿಸಿಬಿಟ್ಟರು. ನಾವು ತಪ್ಪು ಮಾಡಿದೆವೇ?
— ಓದುಗರೊಬ್ಬರು, ತಿಪಟೂರು

ಉತ್ತರ:

ನಿಮ್ಮ ಮಗ ಹೇಳಿದ್ದನ್ನೇ ಕಳೆದ ಶತಮಾನದ ನಡುವಿನಲ್ಲಿ ದೊಡ್ಡ ವಿದ್ವಾಂಸರು ಹೇಳಿದ್ದರು. ಟ್ರ್ಯಾಕ್ಟರ್ ಬಂತು, ಹಳ್ಳಿಗೆ ಕರೆಂಟು ಬಂತು, ಗದ್ದೆಯ ಪಕ್ಕದಲ್ಲೇ ಹೈವೇ ಬಂತು, ಇನ್ನು ಈ ಗಾಡಿಯವರು ಎಷ್ಟು ದಿನ ಎಂದು. ಆದದ್ದು ಪೂರಾ ಉಲ್ಟಾ. 1900ರಲ್ಲಿ ಅಮೆರಿಕದಲ್ಲಿ ಆಮಿಶರೆಂದು ಇದ್ದವರು ಹೆಚ್ಚೆಂದರೆ ಐದಾರು ಸಾವಿರ ಜನ. 2000ದ ಹೊತ್ತಿಗೆ ಪೌಣೆಎರಡು ಲಕ್ಷ ದಾಟಿದರು. ಪೆನ್ಸಿಲ್ವೇನಿಯಾದ ಎಲಿಜಬೆತ್‌ಟೌನ್ ಕಾಲೇಜಿನ ಯಂಗ್ ಸೆಂಟರ್ ಪ್ರತಿವರ್ಷ ಲೆಕ್ಕ ಇಡುತ್ತದೆ. ಅದರ ಪ್ರಕಾರ 2024ರಲ್ಲಿ ಅವರ ಸಂಖ್ಯೆ ನಾಲ್ಕು ಲಕ್ಷ. ಅಂದರೆ ಸುಮಾರು ಇಪ್ಪತ್ತು ವರ್ಷಕ್ಕೊಮ್ಮೆ ಇಮ್ಮಡಿ. ಹೊರಗಿನಿಂದ ಬಂದು ಸೇರುವವರು ಇಲ್ಲವೆನ್ನುವಷ್ಟು ಕಡಿಮೆ. ಮನೆಗೆ ಸರಾಸರಿ ಆರೇಳು ಮಕ್ಕಳು, ಬೆಳೆದ ಮೇಲೆ ನೂರಕ್ಕೆ ಎಂಬತ್ತೈದರಷ್ಟು ಜನ ಅಲ್ಲೇ ಉಳಿಯುತ್ತಾರೆ. ಲೆಕ್ಕ ಇಷ್ಟೇ.

ಆದ್ದರಿಂದ ಉಳಿಯುತ್ತಾರೆಯೇ ಎಂದರೆ, ನಿಮ್ಮ ಮೊಮ್ಮಗಳು ಅಜ್ಜಿಯಾಗುವ ಹೊತ್ತಿಗೂ ಇರುತ್ತಾರೆ, ಈಗ ಇರುವುದಕ್ಕಿಂತ ಹೆಚ್ಚೇ ಇರುತ್ತಾರೆ ಎಂಬುದು ನನ್ನ ಅಂದಾಜು. ನನಗಿರುವ ಅನುಮಾನ ಬೇರೆ. ಆಗ ಅವರನ್ನೆಲ್ಲ ಒಂದೇ ಹೆಸರಿನಿಂದ ಕರೆಯಲು ಆದೀತೇ ಎಂಬುದು.

ಮೊದಲು ಸ್ವಲ್ಪ ಹಿಂದಿನ ಕಥೆ. ಸ್ವಿಟ್ಜರ್ಲೆಂಡ್ ಮತ್ತು ಅಲ್ಸಾಸ್ ಕಡೆಯ ಅನಬ್ಯಾಪ್ಟಿಸ್ಟ್ ಕ್ರೈಸ್ತರಲ್ಲಿ 1693ರಲ್ಲಿ ಒಡಕಾಯಿತು. ಶಿಸ್ತು ಇನ್ನೂ ಬಿಗಿಯಾಗಬೇಕು ಎಂದ ಯಾಕೋಬ್ ಅಮ್ಮನ್ ಎಂಬಾತನ ಹಿಂದೆ ಹೋದವರು ಆಮಿಶರು. ಹಸುಗೂಸಿಗೆ ಜ್ಞಾನಸ್ನಾನ ಕೂಡದು, ಬುದ್ಧಿ ಬಲಿತ ಮೇಲೆ ತಾನೇ ಒಪ್ಪಿ ತೆಗೆದುಕೊಳ್ಳಬೇಕು ಎಂಬುದು ಇವರ ಮೂಲ ಹಠ. ಅದಕ್ಕಾಗಿ ಇವರ ಹಿರಿಯರು ಯುರೋಪಿನಲ್ಲಿ ಸೆರೆಮನೆ, ಗಡಿಪಾರು, ಕೊಲೆ ಎಲ್ಲ ಕಂಡರು. ಹದಿನೆಂಟನೇ ಶತಮಾನದಲ್ಲಿ ಪೆನ್ಸಿಲ್ವೇನಿಯಾಕ್ಕೆ ಹಡಗು ಹತ್ತಿದರು. ಯುರೋಪಿನಲ್ಲೇ ಉಳಿದವರು ಏನಾದರು ಗೊತ್ತೇ? ಒಬ್ಬರೂ ಇಲ್ಲ. ಜರ್ಮನಿಯ ಇಕ್ಸ್‌ಹೈಮ್‌ನಲ್ಲಿದ್ದ ಕೊನೆಯ ಆಮಿಶ್ ಸಭೆ 1937ರಲ್ಲಿ ಮೆನ್ನೊನೈಟರೆಂಬ ಇನ್ನೊಂದು ಅನಬ್ಯಾಪ್ಟಿಸ್ಟ್ ಪಂಗಡದ ಜೊತೆ ಸೇರಿಹೋಯಿತು. ಆಗ ಮೊಬೈಲೂ ಇರಲಿಲ್ಲ, ಟಿವಿಯೂ ಇರಲಿಲ್ಲ. ಅಲ್ಲಿ ಅವರು ಗೇಣಿ ಒಕ್ಕಲುಗಳಾಗಿ ಇಲ್ಲೊಬ್ಬ ಅಲ್ಲೊಬ್ಬ ಚದುರಿಹೋಗಿದ್ದರು. ಅಮೆರಿಕದಲ್ಲಿ ಬೇಲಿಗೆ ಬೇಲಿ ತಗುಲುವಂತೆ ಹೊಲ ಸಿಕ್ಕಿತು. ಅಕ್ಕಪಕ್ಕ ಇದ್ದವರು ಉಳಿದರು, ಚದುರಿದವರು ಕರಗಿದರು. ಮುಂದೆ ಹೇಳುವುದಕ್ಕೆಲ್ಲ ಇದೇ ಕೀಲಿಕೈ.

ಈಗ ನಿಮ್ಮ ಸೋಲಾರ್ ಪ್ಯಾನೆಲ್‌ಗೆ ಬರೋಣ. ಆಮಿಶರಿಗೆ ಕರೆಂಟು ಪಾಪವಲ್ಲ. 1920ರ ಸುಮಾರಿಗೆ ಲ್ಯಾಂಕಾಸ್ಟರ್‌ನ ಹಿರಿಯರು ಬೇಡ ಎಂದದ್ದು ಕಂಬದಿಂದ ಮನೆಗೆ ಬರುವ ತಂತಿಯನ್ನು. ತಂತಿ ಬಂದರೆ ಅದರ ಹಿಂದೆ ರೇಡಿಯೊ, ಅದರ ಹಿಂದೆ ಇನ್ನೊಂದು, ತಡೆಯುವುದಕ್ಕೆ ಬಾಗಿಲೇ ಇರುವುದಿಲ್ಲ. ಬ್ಯಾಟರಿಗೆ ಆಗಲೂ ಒಪ್ಪಿಗೆ ಇತ್ತು. ಬ್ಯಾಟರಿಗೆ ಮಿತಿಯಿದೆ, ಎಷ್ಟು ತುಂಬಿಸಿದೆಯೋ ಅಷ್ಟೇ. ಈಗ ಆ ಬ್ಯಾಟರಿಯನ್ನು ಬಿಸಿಲು ತುಂಬಿಸುತ್ತಿದೆ. ಅವರ ಲೆಕ್ಕದಲ್ಲಿ ಇದರಲ್ಲಿ ತಪ್ಪೇನೂ ಇಲ್ಲ.

ಲ್ಯಾಂಕಾಸ್ಟರ್ ಹತ್ತಿರ ಒಂದು ಪೀಠೋಪಕರಣದ ಶೆಡ್ಡಿಗೆ ಹೋಗಿದ್ದೆ. ಒಳಗೆ ಗರಗಸ, ಡ್ರಿಲ್ಲು, ಪಾಲಿಶ್ ಯಂತ್ರ ಎಲ್ಲವೂ ನಮ್ಮ ಕಾರ್ಖಾನೆಗಳಲ್ಲಿ ಇರುವಂಥವೇ. ಮೋಟರು ಮಾತ್ರ ಇಲ್ಲ. ಹಿಂದಿನ ಕೋಣೆಯಲ್ಲಿ ಒಂದು ಡೀಸೆಲ್ ಎಂಜಿನ್ನು ಗುಡುಗುಟ್ಟುತ್ತಾ ಗಾಳಿಯನ್ನು ಒತ್ತಿ ದೊಡ್ಡ ಟ್ಯಾಂಕಿಗೆ ತುಂಬುತ್ತದೆ. ಅಲ್ಲಿಂದ ಗೋಡೆಯುದ್ದಕ್ಕೂ ಪೈಪು, ಪೈಪಿನ ತುದಿಯಲ್ಲಿ ಯಂತ್ರ. ಗುಂಡಿ ಒತ್ತಿದರೆ ಬುಸ್ ಎಂದು ತಿರುಗುತ್ತದೆ, ಬಿಟ್ಟರೆ ನಿಟ್ಟುಸಿರು ಬಿಟ್ಟಂತೆ ನಿಲ್ಲುತ್ತದೆ. ಮನೆಯಾಕೆಯ ಹಿಟ್ಟು ನಾದುವ ಮಿಕ್ಸರಿಗೂ ಅದೇ ಗಾಳಿ. ಅವರೇ ತಮಾಷೆಗೆ ಇದನ್ನು ಆಮಿಶ್ ಕರೆಂಟು ಎನ್ನುತ್ತಾರೆ. ಮೊದಲ ಸಲ ನೋಡಿದಾಗ ನನಗೂ ಇದು ಕಣ್ಣುಕಟ್ಟು ಅನಿಸಿತ್ತು. ಮಡಿ ಎಂದು ಹೇಳಿಕೊಂಡು ಹಿತ್ತಲ ಬಾಗಿಲಿನಿಂದ ಎಲ್ಲ ತರಿಸಿಕೊಳ್ಳುವವರ ನೆನಪಾಗಿತ್ತು. ಆದರೆ ಆ ಪೈಪಿಗೆ ಟಿವಿ ಸಿಕ್ಕಿಸಲು ಬರುವುದಿಲ್ಲ, ಗಮನಿಸಿ.

ಯಂತ್ರ ಕೆಲಸ ಹಗುರ ಮಾಡುತ್ತದೋ ಇಲ್ಲವೋ ಎಂದು ನಾವು ನೋಡುತ್ತೇವೆ. ಅವರು ನೋಡುವುದು, ಇದು ಬಂದ ಮೇಲೆ ನನಗೆ ಪಕ್ಕದ ಮನೆಯವನು ಬೇಕಾಗುತ್ತಾನೋ ಇಲ್ಲವೋ ಎಂದು. ನಮ್ಮಲ್ಲಿ ಮುಯ್ಯಾಳು ಪದ್ಧತಿ ಇದ್ದ ಊರಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಇವತ್ತು ನಿನ್ನ ಗದ್ದೆ, ನಾಳೆ ನನ್ನ ಗದ್ದೆ. ಯಂತ್ರ ಬಂದ ವರ್ಷವೇ ಮುಯ್ಯಿ ನಿಂತಿತು, ಮುಯ್ಯಿ ನಿಂತ ಮೇಲೆ ಜಗಳವಾದರೂ ರಾಜಿಯಾಗಲೇಬೇಕೆಂಬ ಒತ್ತಾಯ ಹೋಯಿತು. ಆಮಿಶರು ಕೊಟ್ಟಿಗೆ ಸುಟ್ಟುಹೋದವನಿಗೆ ನೂರಾರು ಜನ ಸೇರಿ ಒಂದೆರಡು ದಿನದಲ್ಲಿ ಹೊಸ ಕೊಟ್ಟಿಗೆ ಎತ್ತಿ ನಿಲ್ಲಿಸುತ್ತಾರಲ್ಲ, ಅದು ಮುಯ್ಯಾಳೇ. ಅವರಲ್ಲಿ ಹೆಚ್ಚಿನವರು ಇನ್ಶೂರೆನ್ಸ್ ಕೊಳ್ಳುವುದಿಲ್ಲ. ಕೊಂಡರೆ ಈ ನೂರು ಜನ ಯಾಕೆ ಬರಬೇಕು?

ಹಾಲಿನ ಕಥೆ ಕೇಳಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 1960ರ ದಶಕದ ಕೊನೆಯಲ್ಲಿ ಲ್ಯಾಂಕಾಸ್ಟರ್‌ನ ಹಾಲಿನ ಕಂಪನಿಗಳು ಕ್ಯಾನಿನಲ್ಲಿ ಹಾಲು ಕೊಳ್ಳುವುದನ್ನು ಬಿಟ್ಟು, ಎಲ್ಲರೂ ಶೀತಕ ಟ್ಯಾಂಕ್ ಇಟ್ಟುಕೊಳ್ಳಬೇಕೆಂದವು. ಟ್ಯಾಂಕಿನಲ್ಲಿ ಹಾಲು ಆಗಾಗ ತಾನಾಗಿ ಕಲಕುತ್ತಿರಬೇಕು, ಭಾನುವಾರವೂ ಲಾರಿ ಬರುತ್ತದೆ ಎಂದವು. ಟ್ಯಾಂಕ್ ಇಲ್ಲವೆಂದರೆ ರೈತ ಮುಳುಗುತ್ತಾನೆ. ಹಿರಿಯರು ಕೂತು ಮಾತಾಡಿದರು. ತಂಪು ಮಾಡುವುದು ಡೀಸೆಲ್ ಎಂಜಿನ್ನಿನಿಂದ, ಕಲಕುವುದು 12 ವೋಲ್ಟ್ ಬ್ಯಾಟರಿಯಿಂದ, ಅಲ್ಲಿಗೆ ಒಪ್ಪಿದರು. ಭಾನುವಾರ ಹಾಲು ಎತ್ತುವುದು ಮಾತ್ರ ಸಾಧ್ಯವಿಲ್ಲವೆಂದು ಕಡ್ಡಿ ಮುರಿದಂತೆ ಹೇಳಿದರು. ಕಂಪನಿಗಳಿಗೆ ಹಾಲು ಬೇಕಿತ್ತು, ಬಗ್ಗಿದವು. ಈ ಚೌಕಾಸಿ ನೂರು ವರ್ಷದಿಂದ ನಡೆದೇ ಇದೆ.

ಯಾರು ತೀರ್ಮಾನಿಸುತ್ತಾರೆ ಎಂದು ಕೇಳಬಹುದು. ಪೋಪ್ ಇಲ್ಲ, ಮಠ ಇಲ್ಲ, ಕೇಂದ್ರ ಕಚೇರಿಯೂ ಇಲ್ಲ. ಇಪ್ಪತ್ತರಿಂದ ನಲವತ್ತು ಮನೆ ಸೇರಿ ಒಂದು ಸಭೆ. ಚರ್ಚ್ ಕಟ್ಟಡ ಕೂಡ ಇಲ್ಲ. ಭಾನುವಾರ ಬಿಟ್ಟು ಭಾನುವಾರ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆ, ಬೆಂಚುಗಳನ್ನು ಗಾಡಿಯಲ್ಲಿ ಹೇರಿಕೊಂಡು ಹೋಗುತ್ತಾರೆ. ಮನೆಯೊಳಗೆ ಜನ ಹಿಡಿಸದಷ್ಟಾದರೆ ಸಭೆಯನ್ನು ಎರಡು ಮಾಡುತ್ತಾರೆ. ಪಾದ್ರಿಯನ್ನು ಆರಿಸುವುದು ನೋಡಿ: ಹೆಂಗಸರೂ ಗಂಡಸರೂ ಹೆಸರು ಸೂಚಿಸುತ್ತಾರೆ, ಸಾಕಷ್ಟು ಸೂಚನೆ ಬಂದವರ ಮುಂದೆ ತಲೆಗೊಂದರಂತೆ ಹಾಡಿನ ಪುಸ್ತಕ ಇಡುತ್ತಾರೆ. ಒಂದು ಪುಸ್ತಕದೊಳಗೆ ಬೈಬಲ್ ವಾಕ್ಯ ಬರೆದ ಚೀಟಿ. ಅದು ಯಾರ ಕೈಗೆ ಬಂತೋ ಅವನು ಸಾಯುವತನಕ ಪಾದ್ರಿ. ಸಂಬಳವಿಲ್ಲ, ಓದಿಲ್ಲ, ಒಲ್ಲೆ ಎನ್ನುವಂತಿಲ್ಲ. ಚೀಟಿ ಸಿಕ್ಕವನು ಅತ್ತುಬಿಡುವುದುಂಟು. ವರ್ಷಕ್ಕೆರಡು ಸಲ, ಪವಿತ್ರ ಭೋಜನಕ್ಕೆ ಮುಂಚೆ, ಇಡೀ ಸಭೆ ಕೂತು ತನ್ನ ಕಟ್ಟಳೆಗಳನ್ನು ಒಪ್ಪಬೇಕು. ಆ ಕಟ್ಟಳೆಗೆ ಓರ್ಡ್‌ನುಂಗ್ ಎನ್ನುತ್ತಾರೆ. ಹೆಚ್ಚಿನ ಕಡೆ ಅದನ್ನು ಬರೆದಿಟ್ಟಿಲ್ಲ.

ಹೀಗಾಗಿ ಊರಿಗೊಂದು ಕಟ್ಟಳೆ. ಲ್ಯಾಂಕಾಸ್ಟರ್‌ನಲ್ಲಿ ಸೈಕಲ್ ಇಲ್ಲ, ಕಾಲಲ್ಲಿ ತಳ್ಳುವ ಸ್ಕೂಟರ್ ಇದೆ. ಒಹಾಯೊದ ಹೋಮ್ಸ್ ಕೌಂಟಿಯಲ್ಲಿ ಗಡ್ಡದ ಯಜಮಾನರು ಬ್ಯಾಟರಿ ಸೈಕಲ್ ಮೇಲೆ ಕೆಲಸಕ್ಕೆ ಹೋಗುತ್ತಾರೆ. ಅದೇ ಒಹಾಯೊದ ಸ್ವಾರ್ಟ್ಸೆನ್‌ಟ್ರೂಬರ್ ಪಂಗಡದವರು ನಿಧಾನದ ಗಾಡಿಯೆಂದು ಹಿಂದಿನವರನ್ನು ಎಚ್ಚರಿಸುವ ಕಿತ್ತಳೆ ಬಣ್ಣದ ತ್ರಿಕೋನವನ್ನೂ ಗಾಡಿಯ ಹಿಂದೆ ಕಟ್ಟುವುದಿಲ್ಲ, ಅದು ಆಡಂಬರವಂತೆ. ಮಿನ್ನೆಸೋಟದ ಫಿಲ್ಮೋರ್ ಕೌಂಟಿಯಲ್ಲಿ ಇದೇ ಪಂಗಡದವರು ಬಚ್ಚಲ ನೀರಿಗೆ ಸೆಪ್ಟಿಕ್ ಟ್ಯಾಂಕ್ ಹಾಕಿಸುವುದಿಲ್ಲವೆಂದು ಹಿಡಿದ ಹಠ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಕೋರ್ಟು 2021ರಲ್ಲಿ ಮರುವಿಚಾರಣೆಗೆ ಕಳಿಸಿತು, 2023ರಲ್ಲಿ ರಾಜ್ಯದ ಮೇಲ್ಮನವಿ ಕೋರ್ಟು ಆಮಿಶರ ಪರ ತೀರ್ಪು ಕೊಟ್ಟಿತು. ಬ್ಯಾಟರಿ ಸೈಕಲ್ಲಿನವನಿಗೂ ಬಚ್ಚಲ ನೀರಿನವನಿಗೂ ಈಗಲೇ ಬೀಗತನ ಕಷ್ಟ. ಇನ್ನು ಐವತ್ತು ವರ್ಷಕ್ಕೆ? ಒಂದೇ ಹೆಸರಿನಿಂದ ಕರೆಯಲು ಆದೀತೇ ಎಂದು ಮೇಲೆ ಕೇಳಿದ್ದು ಇದಕ್ಕೇ.

ಇನ್ನು ಆ ಹುಡುಗನ ಮೊಬೈಲ್. ಇದು ನಿಜಕ್ಕೂ ಹೊಸ ತಲೆನೋವು.

ಫೋನಿನ ಜಗಳ ಅವರಿಗೆ ಹಳೆಯದೇ. 1910ರ ಸುಮಾರಿಗೆ ಲ್ಯಾಂಕಾಸ್ಟರ್ ಸಭೆಗಳು ಮನೆಯೊಳಗೆ ಫೋನ್ ಬೇಡವೆಂದವು; ಅದೂ ಸೇರಿ ಕೆಲವು ವಿಷಯಕ್ಕೆ ಒಂದು ಗುಂಪು ಬೇರೆಯಾಗಿ ಹೋಯಿತು. ಆದರೆ ಡಾಕ್ಟರಿಗೆ, ಪಶುವೈದ್ಯರಿಗೆ ಫೋನ್ ಬೇಕು. ಆದ್ದರಿಂದ ಗದ್ದೆಯ ಅಂಚಿನಲ್ಲಿ, ಹಳ್ಳಿಯ ಕಕ್ಕಸಿನಷ್ಟಗಲದ ಒಂದು ಮರದ ಗೂಡು. ಒಳಗೆ ಫೋನ್, ಸಂದೇಶ ಹಿಡಿದಿಡುವ ಯಂತ್ರ, ಯಾರು ಎಷ್ಟು ಮಾತಾಡಿದರೆಂದು ಬರೆದಿಡಲು ನೋಟು ಪುಸ್ತಕ. ನಾಲ್ಕಾರು ಮನೆಗೆ ಒಂದು. ಜನವರಿಯ ಹಿಮದಲ್ಲಿ ಅಲ್ಲಿಗೆ ನಡೆದುಹೋಗಿ, ಕೂರಲು ಕುರ್ಚಿಯೂ ಇಲ್ಲದ ಜಾಗದಲ್ಲಿ ಯಾರೂ ಹರಟೆ ಹೊಡೆಯುವುದಿಲ್ಲ. ಫೋನ್ ಇದೆ, ಊಟದ ಹೊತ್ತಿನಲ್ಲಿ ಬಡಿದುಕೊಳ್ಳುವುದಿಲ್ಲ. ಎಷ್ಟು ಜಾಣತನದ ಗೂಡು ನೋಡಿ.

ಆ ಗೂಡು ನಡೆದದ್ದು ಅದು ಎಲ್ಲರ ಕಣ್ಣಿಗೆ ಬೀಳುತ್ತಿದ್ದುದರಿಂದ. ಕಂಬದ ತಂತಿ, ಟ್ರ್ಯಾಕ್ಟರಿನ ರಬ್ಬರ್ ಚಕ್ರ, ಅಂಗಳದ ಕಾರು ಎಲ್ಲವೂ ಹಾಗೆಯೇ. ತಪ್ಪಿದವನನ್ನು ದಾರಿಹೋಕನೂ ಗುರುತಿಸುತ್ತಾನೆ. ಮುನ್ನೂರು ವರ್ಷದ ಶಿಸ್ತು ಪೊಲೀಸರ ಮೇಲೆ ನಿಂತಿಲ್ಲ, ನೆರೆಯವರ ಕಣ್ಣಿನ ಮೇಲೆ ನಿಂತಿದೆ. ಅಂಗೈಯಗಲದ ಫೋನ್ ಜೇಬಿಗೆ ಹೋದರೆ ಯಾರಿಗೂ ಕಾಣುವುದಿಲ್ಲ. ಬಡಗಿಗಳ ತಂಡ ಮನೆ ಕಟ್ಟಲು ಐವತ್ತು ಮೈಲಿ ಹೋಗುತ್ತದೆ, ಗಿರಾಕಿ ಫೋನ್ ಮಾಡಬೇಕು. ವ್ಯಾನ್ ಓಡಿಸುವ "ಇಂಗ್ಲಿಷ್" ಡ್ರೈವರನ ಫೋನ್ ಸಾಕು ಎಂದು ಶುರುವಾಗುತ್ತದೆ. ಆಮೇಲೆ ಮೇಸ್ತ್ರಿಗೊಂದು. ಆಮೇಲೆ ಮೇಸ್ತ್ರಿಯ ಮಗನಿಗೊಂದು. (ಅಂದಹಾಗೆ, ಆಮಿಶರಲ್ಲದವರೆಲ್ಲರೂ ಅವರ ಬಾಯಲ್ಲಿ ಇಂಗ್ಲಿಷರೇ. ತಿಪಟೂರಿನ ನೀವೂ ಇಂಗ್ಲಿಷರೇ.)

ಇದಕ್ಕೂ ಅವರು ಸುಮ್ಮನೆ ಕೂತಿಲ್ಲ. ಕೆಲವು ಕಡೆ ಮಾತು ಮಾತ್ರ ಬರುವ, ಇಂಟರ್ನೆಟ್ ಇಲ್ಲದ ಫೋನಿಗೆ ಒಪ್ಪಿಗೆ ಇದೆ. ಲೆಕ್ಕ ಬರೆಯಲು ಬೇಕಾದಷ್ಟೇ ಇರುವ, ಇಂಟರ್ನೆಟ್ಟೂ ಆಟಗಳೂ ಇಲ್ಲದ ಕಂಪ್ಯೂಟರ್‌ಗಳನ್ನು ಅವರಿಗಾಗಿಯೇ ಮಾಡಿ ಮಾರುವವರಿದ್ದಾರೆ. ಅಂಗಡಿಗೆ ವೆಬ್‌ಸೈಟ್ ಬೇಕಾದರೆ ಇಂಗ್ಲಿಷ್ ಪಾಲುದಾರ ನೋಡಿಕೊಳ್ಳುತ್ತಾನೆ, ಆರ್ಡರು ಕಾಗದದಲ್ಲಿ ಬರುತ್ತದೆ. ಆದರೂ ನನ್ನನ್ನು ಕೇಳಿದರೆ, ಟ್ರ್ಯಾಕ್ಟರ್ ಗೆಲ್ಲಲಾಗದ ಕೋಟೆಯಲ್ಲಿ ಇದು ಬಿರುಕು ತಂದಿದೆ. ನೀವು ನೋಡಿದ ಹುಡುಗ ಇನ್ನೂ ಜ್ಞಾನಸ್ನಾನ ಆಗದವನಿರಬಹುದು. ಹದಿನಾರಕ್ಕೆ ಕಾಲಿಟ್ಟವರಿಗೆ ರುಮ್‌ಸ್ಪ್ರಿಂಗಾ ಎಂಬ ಅವಧಿ ಇದೆ, ಸಭೆಯ ಕಟ್ಟಳೆ ಆಗ ಅವರ ಮೇಲೆ ಪೂರ್ತಿ ಬೀಳುವುದಿಲ್ಲ. ಟಿವಿಯಲ್ಲಿ ತೋರಿಸುವಂತೆ ಎಲ್ಲರೂ ಕುಡಿದು ಕುಣಿಯುವುದೇನಿಲ್ಲ. ಹೆಚ್ಚಿನವರು ಭಾನುವಾರ ಸಂಜೆ ಸೇರಿ ಹಾಡುತ್ತಾರೆ, ಹುಡುಗಿಯನ್ನು ಗಾಡಿಯಲ್ಲಿ ಮನೆಗೆ ಬಿಡುತ್ತಾರೆ. ಹಿಂದಿನ ತಲೆಮಾರಿನವನು ಜ್ಞಾನಸ್ನಾನದ ಮುಂಚೆ ಕಾರು ಮಾರಿದರೆ ಅಲ್ಲಿಗೆ ಮುಗಿಯಿತು. ಫೋನ್ ಮಾರಬಹುದು, ಅದರಲ್ಲಿ ಕಂಡದ್ದನ್ನು ಏನು ಮಾಡುವುದು?

ಫೋನ್ ಬಗ್ಗೆ ಇಷ್ಟು ಹೇಳಿದರೂ, ಹಿರಿಯರಿಗೆ ಅದಕ್ಕಿಂತ ಮೊದಲಿನಿಂದ ಇರುವ ಚಿಂತೆ ಜಮೀನಿನದು. ಆರೇಳು ಮಕ್ಕಳಿಗೆ ಹಂಚಲು ಲ್ಯಾಂಕಾಸ್ಟರ್‌ನಲ್ಲಿ ಹೊಲ ಎಲ್ಲಿದೆ? ಒಂದು ಕಡೆ ಬಡಾವಣೆ, ಇನ್ನೊಂದು ಕಡೆ ನಿಮ್ಮಂಥ ಲಕ್ಷಾಂತರ ಪ್ರವಾಸಿಗರಿಗಾಗಿ ಹೋಟೆಲು. ಬೆಲೆ ಮುಗಿಲಿಗೆ ಹೋಗಿದೆ. ಹಾಗಾಗಿ ಒಂದಿಷ್ಟು ಜನ ಗಂಟುಮೂಟೆ ಕಟ್ಟಿ ನ್ಯೂಯಾರ್ಕ್ ರಾಜ್ಯದ ಹಳ್ಳಿಗಳಿಗೆ, ಕೆಂಟಕಿಗೆ, ವಿಸ್ಕಾನ್ಸಿನ್‌ಗೆ ಹೊರಟರು. 2016ರಲ್ಲಿ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪಕ್ಕೂ ಹೋದರು. ಈಗ ಇಂಥ ನೆಲೆಗಳು ಆರುನೂರಕ್ಕೂ ಹೆಚ್ಚು. ಉಳಿದವರು ನೇಗಿಲು ಬಿಟ್ಟು ಅಂಗಡಿ, ಮರಗೆಲಸ, ಮನೆ ಕಟ್ಟುವ ಕೆಲಸ ಹಿಡಿದರು. ಇವತ್ತು ಆಮಿಶರಲ್ಲಿ ಬೇಸಾಯವನ್ನೇ ನಂಬಿದವರು ಕಡಿಮೆ.

ಇಂಡಿಯಾನಾದ ಎಲ್ಕ್‌ಹಾರ್ಟ್ ಮತ್ತು ಲಗ್ರಾಂಜ್ ಕಡೆ ನೋಡಿ. ಅಲ್ಲಿ ಪ್ರವಾಸಕ್ಕೆ ಬಳಸುವ ಮನೆಯಂಥ ವಾಹನಗಳ ಕಾರ್ಖಾನೆಗಳಿವೆ. ತಾವು ಕಾರು ಇಟ್ಟುಕೊಳ್ಳದ ಗಂಡಸರು ಬೆಳಗಿನ ಜಾವಕ್ಕೆ ಎದ್ದು, ಬುತ್ತಿ ಡಬ್ಬಿ ಹಿಡಿದು, ಬೇರೆಯವರ ಮೋಜಿನ ಗಾಡಿ ಜೋಡಿಸಲು ಹೋಗುತ್ತಾರೆ. ಸಂಬಳ ಚೆನ್ನಾಗಿದೆ, ಮಧ್ಯಾಹ್ನಕ್ಕೆಲ್ಲ ಬಿಡುವು. ಹಿರಿಯರಿಗೆ ಈ ಬುತ್ತಿ ಡಬ್ಬಿ ಕಂಡರೆ ಆಗುವುದಿಲ್ಲ. ಅಪ್ಪ ಮನೆಯಲ್ಲಿಲ್ಲ, ಮಗ ಅಪ್ಪನ ಪಕ್ಕದಲ್ಲಿ ನಿಂತು ಕೆಲಸ ಕಲಿಯುವುದಿಲ್ಲ, ಕೈಯಲ್ಲಿ ದುಡ್ಡು, ಸಂಜೆ ಖಾಲಿ. 2009ರ ಆರ್ಥಿಕ ಹಿಂಜರಿತದಲ್ಲಿ ಎಲ್ಕ್‌ಹಾರ್ಟ್‌ನ ನಿರುದ್ಯೋಗ ಶೇಕಡ 18 ದಾಟಿತು. ಹೊಲದವನಿಗೆ ಬೆಲೆ ಕುಸಿದರೂ ಊಟ ಉಳಿಯುತ್ತದೆ, ಕಾರ್ಖಾನೆಯವನಿಗೆ ಗೇಟು ಮುಚ್ಚಿದರೆ ಏನೂ ಉಳಿಯುವುದಿಲ್ಲ ಎಂದು ಆಗ ಅವರಿಗೆ ಗೊತ್ತಾಯಿತು.

ಸರ್ಕಾರ ಇವರನ್ನು ಹೇಗೆ ಸಹಿಸಿಕೊಂಡಿದೆ ಎಂಬುದೂ ಭವಿಷ್ಯದ ಒಂದು ಭಾಗ. 1961ರಲ್ಲಿ ಸೋಶಿಯಲ್ ಸೆಕ್ಯುರಿಟಿ, ಅಂದರೆ ಸರ್ಕಾರಿ ಪಿಂಚಣಿಗೆಂದು ವಸೂಲಿ ಮಾಡುವ ತೆರಿಗೆ ಕಟ್ಟಲಿಲ್ಲವೆಂದು ಅಧಿಕಾರಿಗಳು ಪಶ್ಚಿಮ ಪೆನ್ಸಿಲ್ವೇನಿಯಾದಲ್ಲಿ ಉಳುಮೆಯ ಕಾಲದಲ್ಲೇ ಒಬ್ಬ ಆಮಿಶ್ ರೈತನ ಮೂರು ಕುದುರೆ ಹಿಡಿದು ಹರಾಜು ಹಾಕಿದರು. ದೇಶವೇ ಛೀ ಎಂದಿತು. 1965ರಲ್ಲಿ ಸ್ವಂತ ದುಡಿಮೆಯ ಆಮಿಶರಿಗೆ ವಿನಾಯಿತಿ ಸಿಕ್ಕಿತು. ಶಾಲೆಯ ಜಗಳ ಇನ್ನೂ ದೊಡ್ಡದು. ಎಂಟನೇ ತರಗತಿಯ ನಂತರ ಮಕ್ಕಳನ್ನು ಕಳಿಸದ ಮೂವರು ಅಪ್ಪಂದಿರಿಗೆ ವಿಸ್ಕಾನ್ಸಿನ್‌ನಲ್ಲಿ ತಲಾ 5 ಡಾಲರ್ ದಂಡ ಬಿತ್ತು. ಆ ಐದು ಡಾಲರಿನ ಮೊಕದ್ದಮೆ 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಆಮಿಶರ ಪರವಾಗಿ ಮುಗಿಯಿತು. ಅವರ ಉಳಿವಿಗೆ ಇದಕ್ಕಿಂತ ದೊಡ್ಡ ಬಲ ಸಿಕ್ಕಿಲ್ಲ. ಹೈಸ್ಕೂಲಿಗೆ ಹೋದ ಮಕ್ಕಳು ವಾಪಸ್ ಬರುವುದು ಕಷ್ಟವೆಂದು ಅವರಿಗೆ ಚೆನ್ನಾಗಿ ಗೊತ್ತು.

ಅಲ್ಲೇ ನನ್ನ ತಕರಾರೂ ಇದೆ. ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಡಗ್ಲಸ್ ಭಾಗಶಃ ಭಿನ್ನಮತ ಬರೆದರು: ಅಪ್ಪಂದಿರನ್ನು ಕೇಳಿದಿರಿ, ಮಕ್ಕಳನ್ನು ಕೇಳಿದಿರಾ ಎಂಬುದು ಅದರ ತಿರುಳು. ಹದಿನಾಲ್ಕಕ್ಕೆ ಓದು ನಿಲ್ಲಿಸಿದ ಹುಡುಗಿ ಇಪ್ಪತ್ತಕ್ಕೆ ಹೊರಗೆ ಬರಬೇಕೆಂದರೆ ಯಾವ ಕೆಲಸ ಹಿಡಿಯಬೇಕು? ಜ್ಞಾನಸ್ನಾನಕ್ಕೆ ಮುಂಚೆ ಬಿಟ್ಟುಹೋದವರನ್ನು ಮನೆಯವರು ಮಾತಾಡಿಸುತ್ತಾರೆ. ಆಮೇಲೆ ಬಿಟ್ಟರೆ ಬಹಿಷ್ಕಾರ, ಹೆತ್ತ ತಾಯಿಯೂ ಒಂದೇ ಮೇಜಿನಲ್ಲಿ ಕೂರಿಸಿ ಉಣ್ಣಿಸುವಂತಿಲ್ಲ. ಶೇಕಡ 85ರಲ್ಲಿ ನಂಬಿಕೆ ಎಷ್ಟು, ಈ ಭಯ ಎಷ್ಟು ಎಂದು ಯಾವ ಸಮೀಕ್ಷೆಯೂ ಬಿಡಿಸಿ ಹೇಳಲಾರದು. ಮನೆಯೊಳಗಿನ ದೌರ್ಜನ್ಯವನ್ನು ಪೊಲೀಸರಿಗೆ ಹೇಳದೆ ಸಭೆಯೊಳಗೇ ಕ್ಷಮೆ ಕೇಳಿಸಿ ಮುಗಿಸಿದ ಪ್ರಕರಣಗಳೂ ಹೊರಬಂದಿವೆ. ಹಗ್ಗದ ಮೇಲಿನ ಬಟ್ಟೆ ಚೆಂದ. ಆ ಮನೆಯ ಹೆಂಗಸಿಗೆ ಎಷ್ಟು ದಾರಿಗಳಿದ್ದವು ಎಂಬುದು ರಸ್ತೆಯಿಂದ ಕಾಣುವುದಿಲ್ಲ.

ಇವರು ವಿಜ್ಞಾನದ ವಿರೋಧಿಗಳೆಂದು ಮಾತ್ರ ತಿಳಿಯಬೇಡಿ. ಕೆಲವೇ ಕುಟುಂಬಗಳಿಂದ ಬೆಳೆದ ಸಮುದಾಯವಾದ್ದರಿಂದ ಅಪರೂಪದ ವಂಶವಾಹಿ ಕಾಯಿಲೆಗಳು ಅವರಲ್ಲಿ ಹೆಚ್ಚು. ಲ್ಯಾಂಕಾಸ್ಟರ್ ಕೌಂಟಿಯ ಸ್ಟ್ರಾಸ್‌ಬರ್ಗ್ ಬಳಿ 1989ರಲ್ಲಿ ಡಾಕ್ಟರ್ ಹೋಮ್ಸ್ ಮಾರ್ಟನ್ ಇಂಥ ಮಕ್ಕಳಿಗಾಗಿಯೇ ಒಂದು ಚಿಕಿತ್ಸಾಲಯ ಶುರುಮಾಡಿದರು. ಕಟ್ಟಡ ಎತ್ತಿದವರು ಆಮಿಶ್ ಮತ್ತು ಮೆನ್ನೊನೈಟ್ ಬಡಗಿಗಳು, ಕೊಟ್ಟಿಗೆ ಎತ್ತುವ ಹಾಗೆಯೇ. ಒಳಗೆ ಡಿಎನ್‌ಎ ಪರೀಕ್ಷೆ, ಹೊರಗೆ ಕಂಬಕ್ಕೆ ಕಟ್ಟಿದ ಕುದುರೆ. ಯಾರಿಗೂ ಅದು ವಿಚಿತ್ರ ಅನಿಸುವುದಿಲ್ಲ. ಮಗು ಬದುಕಿದರೆ ಸಂಸಾರ ಒಡೆಯುವುದಿಲ್ಲವಲ್ಲ.

ನನ್ನ ಅಂದಾಜು ಹೀಗೆ. ಒಂದು ಕಡೆ ಸ್ವಾರ್ಟ್ಸೆನ್‌ಟ್ರೂಬರಂಥ ಬಿಗಿ ಪಂಗಡಗಳು ಇನ್ನೂ ಬಿಗಿಯಾಗಿ, ಅಗ್ಗದ ಜಮೀನು ಹುಡುಕಿಕೊಂಡು ದೂರ ದೂರ ಹೋಗುತ್ತವೆ. ಬಿಗಿ ಹೆಚ್ಚಿದ್ದಷ್ಟೂ ಮಕ್ಕಳು ಬಿಡುವುದು ಕಡಿಮೆ ಎಂಬುದು ಈಗಾಗಲೇ ಕಂಡಿರುವ ಸಂಗತಿ. ಇನ್ನೊಂದು ಕಡೆ ಎಲ್ಕ್‌ಹಾರ್ಟ್‌ನಂಥ ಕಡೆ ಸಂಬಳ, ಬ್ಯಾಟರಿ ಸೈಕಲ್, ಅರೆಬರೆ ಒಪ್ಪಿಗೆಯ ಫೋನ್. ಅಲ್ಲಿ ಬಟ್ಟೆ ಮತ್ತು ಕುದುರೆ ಹಾಗೇ ಇದ್ದು, ಮಿಕ್ಕದ್ದು ಬದಲಾಗುತ್ತದೆ. ಅವರ ಮನೆಮಾತು, ಪೆನ್ಸಿಲ್ವೇನಿಯಾ ಡಚ್ ಎನ್ನುವ ಜರ್ಮನ್ ಉಪಭಾಷೆ, ಎರಡೂ ಕಡೆ ಉಳಿಯುತ್ತದೆ ಎಂದು ನನ್ನ ನಂಬಿಕೆ. ಮುನ್ನೂರು ವರ್ಷದಿಂದ ಅಮೆರಿಕದಲ್ಲಿದ್ದೂ ಅಡುಗೆಮನೆಯಲ್ಲಿ ಅದನ್ನೇ ಆಡುತ್ತಾರೆ. ನಿಮ್ಮ ಮೊಮ್ಮಗಳು ನಿಮ್ಮ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತಾಳೆಂದು ನಾನು ಕೇಳುವುದಿಲ್ಲ.

ಫೋಟೊ ವಿಚಾರ. ಹೌದು, ಅವರಿಗೆ ಅದು ಇಷ್ಟವಿಲ್ಲ. ಮುಖದ ಚಿತ್ರ ಎಂದರೆ ನಾನು ಎಂಬ ಸೊಕ್ಕು ಎಂದು ಅವರ ಎಣಿಕೆ. ದೇವರ ಹತ್ತು ಆಜ್ಞೆಗಳಲ್ಲಿ ಬರುವ ಪ್ರತಿಮೆ ಮಾಡಬೇಡ ಎಂಬ ಮಾತನ್ನೂ ಹೇಳುತ್ತಾರೆ. ಮಗು ತಿಳಿಯದೆ ಮಾಡಿದ್ದು, ಆಕೆ ಮುಖ ತಿರುಗಿಸಿದರು, ಮುಗಿಯಿತು. ಮುಂದಿನ ಸಲ ಹೊಲ, ಗಾಡಿಯ ಹಿಂಭಾಗ ದೂರದಿಂದ ತೆಗೆಯಲಿ, ಮುಖ ಬೇಡ. ಕಾರಿನಲ್ಲಿ ಗಾಡಿಯನ್ನು ಹಿಂದೆ ಹಾಕುವಾಗ ಹಾರ್ನ್ ಹೊಡೆಯಬೇಡಿರೆಂದು ಮಗನಿಗೆ ಹೇಳಿ, ಕುದುರೆ ಬೆದರುತ್ತದೆ. ರಸ್ತೆ ಬದಿಯಲ್ಲಿ ಮನೆಯವರೇ ಇಟ್ಟ ಜಾಮು, ಸೌತೆಕಾಯಿ, ಕುಂಬಳಕಾಯಿಯ ಮೇಜುಗಳಿರುತ್ತವೆ. ಕೆಲವು ಕಡೆ ಮಾರುವವರೂ ಇರುವುದಿಲ್ಲ, ಡಬ್ಬಿಗೆ ದುಡ್ಡು ಹಾಕಿ ತೆಗೆದುಕೊಂಡು ಹೋಗಬೇಕು. ಚಿಲ್ಲರೆ ಇಟ್ಟುಕೊಂಡಿರಿ. ಭಾನುವಾರ ಮಾತ್ರ ಹೋಗಬೇಡಿ, ಎಲ್ಲ ಮುಚ್ಚಿರುತ್ತದೆ.